ನೂರು ಪೌಂಡಿನ ನೀರು

ತರೀಕೆರೆ
4-6-1978

ಚಿ. ವಿಶಾಲಾಕ್ಷಿಗೆ,

ನಿನ್ನ ಸೋದರಮಾವ ಗಂಗಾಧರಯ್ಯ ಬರೆಯುತ್ತಿರುವುದು. ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಚೆನ್ನಾಗಿರಬೇಕು. ಆ ಶಾಸ್ತ್ರ ಇಷ್ಟಕ್ಕೆ ಮುಗಿಯಿತು. ಈಗ ಕೆಲಸದ ಮಾತು.

ಹದಿನಾರು ವರ್ಷದಿಂದ ನಾನು ಈ ರೈಸ್ ಮಿಲ್ಲಿನ ಬಾಯ್ಲರಿಗೆ ಹೊಟ್ಟು ಹಾಕುತ್ತಿದ್ದೇನೆ. ಕುಸುಬಲಕ್ಕಿಗೆ ಭತ್ತ ಬೇಯಿಸುವ ಆವಿಯಷ್ಟೂ ನನ್ನ ಕೈಯಿಂದಲೇ ಹೋಗಬೇಕು. ಇದು ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಕಾಗದದ ಮೇಲೆ ಆ ಬಾಯ್ಲರ್ ನೋಡಿಕೊಳ್ಳುವವನು ನಾನಲ್ಲ, ಕಡೂರಿನ ಈರಣ್ಣ. ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟು ಇರುವುದು ಅವನ ಹೆಸರಿಗೆ. ತಿಂಗಳಿಗೊಮ್ಮೆ ರೈಲಿನಲ್ಲಿ ಬಂದು, ಲಾಗ್ ಬುಕ್ಕಿನಲ್ಲಿ ಮೂವತ್ತು ದಿನದ ಸಹಿಯನ್ನು ಒಂದೇ ಉಸಿರಿಗೆ ಹಾಕಿ, ನಿಮ್ಮತ್ತೆ ಕಾಶಮ್ಮನ ಕೈಯಡುಗೆ ಉಂಡು ಹೋಗುತ್ತಾನೆ. ನಮ್ಮ ಮಿಲ್ಲಿನಲ್ಲಿ ನಡೆದುಬಂದದ್ದೇ ಹೀಗೆ.

ಹೋದ ವಾರ ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬಂದರು. ಬುಕ್ಕಿನಲ್ಲಿ ಈರಣ್ಣನ ಅಂದಿನ ಸಹಿ ಇತ್ತು. ನಾಳಿನ ಸಹಿಯೂ ಇತ್ತು. ಈರಣ್ಣ ಮಾತ್ರ ಕಡೂರಿನಲ್ಲಿ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಿದ್ದ. ಸಾಹುಕಾರರು ನನ್ನನ್ನು ಕರೆದು ಹೇಳಿದರು: "ಗಂಗಾಧರಯ್ಯ, ಯುಗಾದಿ ಒಳಗೆ ನೀನೇ ಪಾಸ್ ಮಾಡ್ಕೊಂಡ್ ಬಾ. ಆಗ್ಲಿಲ್ಲ ಅಂದ್ರೆ ಪಾಸಾದವನನ್ನೇ ಕಾಯಂ ಇಟ್ಕೋತೀನಿ. ನೀನು ಗೋಡೌನ್ ನೋಡ್ಕೊಂಡ್ ಇರು." ಅಲ್ಲಿಯವರೆಗೆ ಭದ್ರಾವತಿಯಿಂದ ಸರ್ಟಿಫಿಕೇಟಿನವನೊಬ್ಬ ದಿನಾ ಬಂದು, ನನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಪೇಪರ್ ಓದುತ್ತಾನೆ.

ವಿಶಾಲೂ, ಗೋಡೌನಿನಲ್ಲಿ ಕೂತು ಚೀಲ ಎಣಿಸಿದರೆ ನಾನು ಬದುಕುವುದಿಲ್ಲ. ಆ ಬಾಯ್ಲರ್ ಕೆಮ್ಮಿದರೆ ನನಗೆ ಮನೆಯಲ್ಲಿ ಎಚ್ಚರವಾಗುತ್ತದೆ.

ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಓರಲ್ ಪರೀಕ್ಷೆ. ಕೈಗೆಲಸ ನನಗೆ ಬರುತ್ತದೆ, ಅವರು ಕೇಳುವುದು ಬಾಯಿಗೆಲಸ. ಒಂದು ಪ್ರಶ್ನೆಯನ್ನಂತೂ ಬಿಡುವುದಿಲ್ಲವಂತೆ: ಒತ್ತಡ ತೋರಿಸುವ ಗೇಜಿನ ಮುಳ್ಳು ನೂರು ಪೌಂಡಿನಲ್ಲಿ ನಿಂತಾಗ ಒಳಗಿನ ನೀರು ಎಷ್ಟು ಬಿಸಿ? ಈರಣ್ಣನನ್ನು ಕೇಳಿದರೆ "ಬಾಳ ಬಿಸಿ ಕಣಪ್ಪ" ಅಂದ. ನಿನ್ನನ್ನು ಇಂಜಿನಿಯರಿಂಗಿಗೆ ಕಳಿಸಲು ನಿಮ್ಮಪ್ಪನ ಮುಂದೆ ಮೂರು ದಿನ ಕೂತು ವಾದ ಮಾಡಿದವನು ನಾನು. ಈಗ ನನಗೆ ಗುರುವಾಗು.

ನಿನ್ನ ಮಾವ,
ಗಂಗಾಧರಯ್ಯ


ದಾವಣಗೆರೆ
18-6-1978

ಪೂಜ್ಯ ಮಾವನವರಿಗೆ ವಿಶಾಲಾಕ್ಷಿಯ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ, ನಮ್ಮ ಮಾವ ನನ್ನ ಸ್ಟೂಡೆಂಟ್ ಎಂದು. ನೀವೇನೂ ಹೆದರಬೇಡಿ. ನಿಮಗೆ ಬೇಕಾದದ್ದೆಲ್ಲ ಥರ್ಮೋಡೈನಮಿಕ್ಸ್ ಎಂಬ ವಿಷಯದಲ್ಲಿದೆ, ಅದು ನಮಗೆ ಈ ವರ್ಷವೇ ಇದೆ. ಬಹಳ ಸರಳ.

ಮೊದಲನೆಯ ನಿಯಮ: ಶಾಖ ಎಲ್ಲಿಯೂ ಮಾಯವಾಗುವುದಿಲ್ಲ. ಹೊಟ್ಟು ಉರಿದು ಕೊಟ್ಟದ್ದರಲ್ಲಿ ಒಂದಷ್ಟು ನೀರನ್ನು ಆವಿ ಮಾಡುತ್ತದೆ, ಒಂದಷ್ಟು ಚಿಮಣಿಯಲ್ಲಿ ಹೋಗುತ್ತದೆ, ಉಳಿದದ್ದು ನಿಮ್ಮ ಮೈಯನ್ನು ಬೇಯಿಸುತ್ತದೆ. ಎರಡನೆಯದು: ಶಾಖ ತಾನಾಗಿ ಬಿಸಿಯಿಂದ ತಂಪಿನ ಕಡೆಗೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ನೀರು ಕುದಿಯುವುದು ನೂರು ಡಿಗ್ರಿಯಲ್ಲಿ. ಕುದಿಯಲು ಶುರುವಾದ ಮೇಲೆ ಎಷ್ಟು ಬೆಂಕಿ ಹಾಕಿದರೂ ಉಷ್ಣಾಂಶ ಏರುವುದಿಲ್ಲ. ಹಾಕಿದ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಇದಕ್ಕೆ ಗುಪ್ತೋಷ್ಣ ಎನ್ನುತ್ತಾರೆ. ಆದ್ದರಿಂದ ಮುಳ್ಳು ಎಲ್ಲೇ ನಿಂತಿರಲಿ, ಒಳಗಿನ ನೀರು ನೂರು ಡಿಗ್ರಿ. ಇಷ್ಟನ್ನು ಬಾಯಿಪಾಠ ಮಾಡಿಕೊಳ್ಳಿ, ಸಾಕು. ನಾವೂ ಹಾಗೇ ಮಾಡುವುದು.

ಅತ್ತೆಗೆ ನಮಸ್ಕಾರ ಹೇಳಿ.

ವಿಶಾಲಾಕ್ಷಿ


ತರೀಕೆರೆ
9-7-1978

ಚಿ. ವಿಶಾಲೂಗೆ,

ಗುರುಗಳ ಕಾಗದ ತಲುಪಿತು. ಅನ್ನದ ಅಂಟು ಹಚ್ಚಿ ಬಾಯ್ಲರ್ ಮನೆಯ ಗೋಡೆಗೆ ಅಂಟಿಸಿದ್ದೇನೆ. ಹೊಟ್ಟು ಹಾಕುವಾಗ ಒಂದು ಸಾಲು, ಬೂದಿ ಎಳೆಯುವಾಗ ಒಂದು ಸಾಲು ಹೇಳಿಕೊಳ್ಳುತ್ತೇನೆ. ಕಾಶಮ್ಮ ಕೇಳಿದಳು, "ಏನ್ರೀ ಅದು, ಮಂತ್ರಾನ?" ಎಂದು. ಹೆಚ್ಚು ಕಡಿಮೆ ಹಾಗೇ ಆಗಿದೆ.

ಎರಡು ಅನುಮಾನ ಇವೆ. ನಗಬೇಡ.

ಬೆಳಗ್ಗೆ ಮುಳ್ಳು ಈಗಷ್ಟೇ ಮೇಲೆದ್ದಿರುವಾಗ ನಲ್ಲಿ ತಿರುಗಿಸಿದರೆ ಬರುವ ಹಬೆ ಕೈಗೆ ಚುರ್ ಅನ್ನುತ್ತದೆ, ಅಷ್ಟೆ. ನೂರು ಪೌಂಡಿನಲ್ಲಿ ಬರುವುದು ಹಾಗಲ್ಲ. ನಲ್ಲಿಯ ಬಾಯಲ್ಲಿ ಒಂದು ಬೆರಳುದ್ದ ಅದು ಕಣ್ಣಿಗೇ ಕಾಣುವುದಿಲ್ಲ. ಕಾಣುತ್ತಿಲ್ಲವಲ್ಲ ಎಂದು ಕೈ ಇಟ್ಟವನ ಚರ್ಮ ಸುಲಿದು ಬರುತ್ತದೆ. ಅರವತ್ತೊಂಬತ್ತರಲ್ಲಿ ಆದ ಕಲೆ ನನ್ನ ಮಣಿಕಟ್ಟಿನಲ್ಲಿ ಈಗಲೂ ಇದೆ, ನೀನು ಚಿಕ್ಕವಳಿದ್ದಾಗ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಎರಡೂ ನೂರೇ ಡಿಗ್ರಿ ಎಂದರೆ ಈ ಕಲೆ ಒಪ್ಪುತ್ತಿಲ್ಲ.

ಇನ್ನೊಂದು ಮಡಕೆಯದು. ಕುಡಿಯುವ ನೀರಿನ ಮಡಕೆಗೆ ಒದ್ದೆ ಗೋಣಿ ಸುತ್ತಿ ಬಾಯ್ಲರ್ ಮನೆಯ ಬಾಗಿಲಲ್ಲೇ ಇಟ್ಟಿದ್ದೇನೆ. ಸುತ್ತಲ ಗಾಳಿ ಕಾದ ಹೆಂಚಿನಂತಿದ್ದರೂ ನೀರು ತಣ್ಣಗಿರುತ್ತದೆ. ಬಿಸಿ ತಂಪಿನ ಕಡೆಗೇ ಹೋಗುವುದಾದರೆ ಮಡಕೆ ಕಾಯಬೇಕಿತ್ತಲ್ಲ. ಅದು ಇನ್ನೂ ತಣ್ಣಗಾದದ್ದು ಹೇಗೆ?

ಗಂಗಾಧರಯ್ಯ


ದಾವಣಗೆರೆ
30-7-1978

ಮಾವ,

ಟೆಸ್ಟುಗಳಿವೆ, ಹೆಚ್ಚು ಬರೆಯಲಾಗದು. ಕೈ ಎಂಬುದು ಥರ್ಮಾಮೀಟರ್ ಅಲ್ಲ. ಜೋರಾಗಿ ನುಗ್ಗುವ ಆವಿ ಹೆಚ್ಚು ಸುಟ್ಟಂತೆ ಅನಿಸುತ್ತದೆ, ಅಷ್ಟೆ. ಪುಸ್ತಕ ಬರೆದವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ನೂರು ಎಂದರೆ ನೂರು. ಪರೀಕ್ಷೆಯಲ್ಲಿ ಅನುಮಾನ ತೋರಿಸಬೇಡಿ, ಗಟ್ಟಿಯಾಗಿ ಹೇಳಿ.

ಮಡಕೆ ಸಿಲಬಸ್ಸಿನಲ್ಲಿ ಇಲ್ಲ.

ವಿಶಾಲಾಕ್ಷಿ


ತರೀಕೆರೆ
15-10-1978

ಚಿ. ವಿಶಾಲೂಗೆ,

ಕಾಗದ ಬರೆದು ಬಹಳ ದಿನವಾಯಿತು. ಬೆಂಗಳೂರಿಗೆ ಹೋಗಿ ಬಂದೆ. ನನ್ನ ಹುಟ್ಟಿದ ತಾರೀಖಿನ ಕಾಗದ ಏನೋ ಸರಿಯಿಲ್ಲವಂತೆ, ಮತ್ತೆ ಮಾರ್ಚಿನಲ್ಲಿ ಬಾ ಎಂದಿದ್ದಾರೆ. ಯುಗಾದಿಗೆ ಮುಂಚೆಯೇ ಆಗುತ್ತದೆ, ಯೋಚನೆಯಿಲ್ಲ. ನೀನು ಓದಿಕೊ.

ಆಯುಧಪೂಜೆ ಮುಗಿಸಿ ಮಿಲ್ಲಿನವರೆಲ್ಲ ಲಾರಿಯಲ್ಲಿ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ಅಡುಗೆಗೆ ತೀರ್ಥಪ್ಪ. ಅವನ ತೊಗರಿಬೇಳೆ ಸಾರಿಗೆ ಊರೇ ಬಾಯಿ ಬಿಡುತ್ತದೆ. ಅಲ್ಲಿ ಎರಡು ಗಂಟೆ ಉರಿ ಹಾಕಿದ. ನೀರು ಕುಣಿದು ಕುಣಿದು ಕುದಿಯಿತು, ಬೇಳೆ ಮಾತ್ರ ಬೇಯಲಿಲ್ಲ. ಸಾರಿನಲ್ಲಿ ಬೇಳೆ ಹಲ್ಲಿಗೆ ಕಟಕಟ ಅನ್ನುತ್ತಿತ್ತು. "ಏನಪ್ಪಾ ತೀರ್ಥಪ್ಪ, ಕಲ್ಲು ಬೇಯಿಸ್ದ್ಯಾ?" ಎಂದು ಎಲ್ಲರೂ ಕಾಡಿದರು. ಅವನು ಊಟವನ್ನೇ ಮಾಡದೆ ಲಾರಿಯ ಹಿಂದೆ ಹೋಗಿ ಕೂತ.

ನಿನ್ನ ಪುಸ್ತಕದಲ್ಲಿ ಇದಕ್ಕೇನಾದರೂ ಇದೆಯಾ ನೋಡು. ಅವಸರವಿಲ್ಲ.

ಗಂಗಾಧರಯ್ಯ


ದಾವಣಗೆರೆ
12-11-1978

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನನ್ನ ಪರೀಕ್ಷೆಗಳು ಮುಗಿದವು. ಎಲ್ಲ ಚೆನ್ನಾಗಿ ಆಗಿದೆ.

ನಿಮ್ಮ ತಾರೀಖಿನ ವಿಷಯ ಓದಿ ಬೇಜಾರಾಯಿತು. ಅಪ್ಪನಿಗೆ ಹೇಳಿ ನೀವು ಓದಿದ ಅಜ್ಜಂಪುರದ ಶಾಲೆಯಿಂದ ದಾಖಲೆ ತೆಗೆಸಲೇ? ಅಲ್ಲಿನ ಹೆಡ್ ಮಾಸ್ಟರು ಅಪ್ಪನಿಗೆ ಬೇಕಾದವರು.

ತೀರ್ಥಪ್ಪನವರ ಬೇಳೆ ಹಳೆಯದಿರಬೇಕು. ಇಲ್ಲವೇ ಬೆಟ್ಟದ ನೀರು ಗಡಸು.

ವಿಶಾಲಾಕ್ಷಿ


ತರೀಕೆರೆ
3-12-1978

ಚಿ. ವಿಶಾಲೂಗೆ,

ದಾಖಲೆ ಬೇಡ, ಸಿಕ್ಕಿತು. ನಿಮ್ಮಪ್ಪನವರೆಗೆ ಒಯ್ಯಬೇಡ.

ನಿನ್ನ ಉತ್ತರವನ್ನು ತೀರ್ಥಪ್ಪನಿಗೆ ಓದಿ ಹೇಳಿದೆ. ಅವನಿಗೆ ಸಿಟ್ಟು ಬಂತು. ಮನುಷ್ಯ ಮೊಂಡ. ಮರದ ಲಾರಿ ಹತ್ತಿ ಮತ್ತೆ ಕೆಮ್ಮಣ್ಣುಗುಂಡಿಗೆ ಹೋಗಿ, ಅಲ್ಲಿನ ನೀರನ್ನು ಒಂದು ಡಬ್ಬದ ತುಂಬ ತಂದ. ಅದೇ ನೀರು, ಅದೇ ಚೀಲದ ಬೇಳೆ, ಅದೇ ಪಾತ್ರೆ. ತರೀಕೆರೆಯಲ್ಲಿ ಮುಕ್ಕಾಲು ಗಂಟೆಗೆ ಬೇಳೆ ಬೆಣ್ಣೆಯಾಯಿತು. "ನಿಮ್ಮ ಇಂಜಿನಿಯರಮ್ಮಂಗೆ ಬರೀರಿ, ಬೇಳೆದೂ ತಪ್ಪಿಲ್ಲ, ನೀರಿಂದೂ ತಪ್ಪಿಲ್ಲ, ನಂದಂತೂ ಮೊದ್ಲೇ ಇಲ್ಲ," ಎಂದು ಹೇಳಿ ಸಾರು ಕೊಟ್ಟು ಹೋದ. ಹಾಗಾದರೆ ಉಳಿದದ್ದು ಬೆಟ್ಟ ಒಂದೇ.

ನಿಮ್ಮತ್ತೆಗೆ ಅವಸರವಾದಾಗ ಪಾತ್ರೆಯ ಮುಚ್ಚಳದ ಮೇಲೆ ಗುಂಡುಕಲ್ಲು ಹೇರುತ್ತಾಳೆ, ಬೇಗ ಬೇಯುತ್ತದೆ. ಇದೂ ಅದೂ ಒಂದೇ ಮಾತೋ ಬೇರೆಯೋ ನನಗೆ ಹೇಗೆ ತಿಳಿಯಬೇಕು? ಓದಿದವಳು ನೀನು.

ಗಂಗಾಧರಯ್ಯ


ಅಜ್ಜಂಪುರ
16-1-1979

ಮಾವ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಮೊದಲು ನನ್ನ ಸುಳ್ಳನ್ನು ಹೇಳಿಬಿಡುತ್ತೇನೆ. ಥರ್ಮೋಡೈನಮಿಕ್ಸಿನಲ್ಲಿ ನಾನು ಫೇಲಾಗಿದ್ದೇನೆ. ನೂರಕ್ಕೆ ಇಪ್ಪತ್ತೆಂಟು. ಪ್ರಶ್ನೆಪತ್ರಿಕೆ ಕೈಗೆ ಬಂದ ಹತ್ತು ನಿಮಿಷಕ್ಕೇ ನನಗೆ ಗೊತ್ತಾಗಿತ್ತು. ಬಾಯಿಪಾಠ ಮಾಡಿದ್ದು ಒಂದೂ ಹಾಗೆ ಹಾಗೇ ಬಂದಿರಲಿಲ್ಲ. ಎಲ್ಲವನ್ನೂ ತಿರುಗಿಸಿ ಕೇಳಿದ್ದರು. ನನಗಾಗಿ ಮೂರು ದಿನ ಅಪ್ಪನ ಮುಂದೆ ಕೂತ ನಿಮಗೆ ಯಾವ ಬಾಯಲ್ಲಿ ಹೇಳಲಿ ಎನಿಸಿ, ಚೆನ್ನಾಗಿ ಆಗಿದೆ ಎಂದು ಬರೆದೆ. ಅಪ್ಪನಿಗೂ ಇನ್ನೂ ಹೇಳಿಲ್ಲ. ಏಪ್ರಿಲಿನಲ್ಲಿ ಮತ್ತೆ ಬರೆಯಬಹುದು.

ಸಂಕ್ರಾಂತಿಗೆ ಊರಿಗೆ ಬಂದಾಗ ಅಮ್ಮ ಅವರೆಕಾಳು ಬೇಯಲು ಇಟ್ಟು ಮುಚ್ಚಳದ ಮೇಲೆ ಗುಂಡುಕಲ್ಲು ಇಟ್ಟಳು. ಯಾಕಮ್ಮ ಎಂದರೆ, "ಹಬೆ ಒಳಗೇ ಇದ್ರೆ ಬೇಗ ಬೇಯ್ತದೆ ಕಣೇ, ಇಷ್ಟೂ ಗೊತ್ತಿಲ್ವಾ ಇಂಜಿನಿಯರಿಗೆ?" ಎಂದಳು. ಮುಚ್ಚಳ ಟಕಟಕ ಕುಣಿಯುತ್ತಿತ್ತು. ಕಲ್ಲನ್ನೂ ಎತ್ತುವಷ್ಟು ಜೋರಿನಲ್ಲಿ ಆವಿ ಒತ್ತುತ್ತಿದೆ ಎಂದ ಮೇಲೆ ಕೆಳಗಿನ ನೀರನ್ನೂ ಒತ್ತುತ್ತಿರಬೇಕಲ್ಲ ಎನಿಸಿತು. ಟ್ರಂಕಿನಿಂದ ಸ್ಟೀಮ್ ಟೇಬಲ್ ಪುಸ್ತಕ ತೆಗೆದೆ. ಅದರಲ್ಲಿ ಆವಿಯ ಅಂಕಿಗಳಷ್ಟೇ ಇರುತ್ತವೆ. ಮೊದಲನೆಯ ಕಾಲಂ ಒತ್ತಡದ್ದು, ಪಕ್ಕದ್ದು ನೀರು ಕುದಿಯುವ ಉಷ್ಣಾಂಶದ್ದು. ಒಂದು ವರ್ಷದಿಂದ ಆ ಪುಸ್ತಕದಿಂದ ಲೆಕ್ಕಕ್ಕೆ ಬೇಕಾದ ಅಂಕಿ ಹೆಕ್ಕುತ್ತಿದ್ದೆ. ಒತ್ತಡ ಏರಿದಂತೆಲ್ಲ ಪಕ್ಕದ ಅಂಕಿಯೂ ಏರುತ್ತಾ ಹೋಗುವುದನ್ನು ಒಂದು ದಿನವೂ ನೋಡಿರಲಿಲ್ಲ.

ಮಾವ, ನೀರು ಆವಿಯಾಗಿ ಏಳಬೇಕಾದರೆ ತನ್ನ ಮೇಲೆ ಒತ್ತಿಕೊಂಡು ಕೂತದ್ದನ್ನು ತಳ್ಳಿಕೊಂಡು ಏಳಬೇಕು. ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ. ನೀರಿಗೆ ಏಳುವುದು ಸುಲಭ, ತೊಂಬತ್ತೈದರ ಹತ್ತಿರವೇ ಕುದಿದುಬಿಡುತ್ತದೆ. ಅಲ್ಲಿಂದ ಮುಂದೆ ಎಷ್ಟು ಸೌದೆ ಒಟ್ಟಿದರೂ ಅದಕ್ಕಿಂತ ಬಿಸಿಯಾಗದು, ಬೇಳೆ ಬೇಯದು. ಗುಂಡುಕಲ್ಲು ಹೇರಿದರೆ ಒತ್ತಡ ಹೆಚ್ಚು, ನೂರು ದಾಟಿದರೂ ನೀರು ನೀರಾಗಿಯೇ ಇರುತ್ತದೆ. ನಿಮ್ಮ ಬಾಯ್ಲರ್ ಎಂದರೆ ಭದ್ರವಾಗಿ ಮುಚ್ಚಿದ ಪಾತ್ರೆ. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ, ಗಾಳಿಯದನ್ನೂ ಸೇರಿಸಿಕೊಳ್ಳಬೇಕು. ನೂರು ಪೌಂಡು ಎಂದರೆ ಈ ಪುಸ್ತಕದ ಅಳತೆಯಲ್ಲಿ ಏಳು, ಗಾಳಿಯದು ಒಂದು, ಒಟ್ಟು ಎಂಟು. ಎಂಟರ ಪಕ್ಕದಲ್ಲಿ ಬರೆದಿರುವುದು ನೂರಾ ಎಪ್ಪತ್ತು ಡಿಗ್ರಿ. ನಿಮ್ಮ ಮಣಿಕಟ್ಟು ಹೇಳಿದ್ದೇ ಸರಿ. ಅಷ್ಟು ಬಿಸಿ ನೀರು ನೀರಾಗಿ ಕೂತಿರುವುದು ಒತ್ತಡ ಇರುವುದರಿಂದ ಮಾತ್ರ. ತಗಡು ಎಲ್ಲಿಯಾದರೂ ಸೀಳಿದರೆ ನೀರಿನ ಒಂದು ಭಾಗ ಆ ಕ್ಷಣವೇ ಆವಿಯಾಗಿ ಕಟ್ಟಡವನ್ನೇ ಎತ್ತಿಬಿಡುತ್ತದೆ.

ಮಡಕೆಗೂ ಉತ್ತರ ಸಿಕ್ಕಿತು. ಗೋಣಿಯ ನೀರು ಕುದಿಯದೆಯೂ ಆವಿಯಾಗುತ್ತದೆ, ಹಾಗೆ ಹಾರಲು ಶಾಖ ಬೇಕು. ಅದನ್ನು ಮಡಕೆಯಿಂದಲೂ ಕಿತ್ತುಕೊಂಡು ಹಾರುತ್ತದೆ. ಬಿಸಿ ತಾನಾಗಿ ಹಿಂದಕ್ಕೆ ಬರಲಿಲ್ಲ, ಹಾರುವ ನೀರು ಹೊತ್ತುಕೊಂಡು ಹೋಯಿತು.

ಇಷ್ಟು ಅರ್ಥವಾಗಿ ಕುಣಿಯುವ ಹೊತ್ತಿಗೆ ನಾನು ಜೂನಿನಲ್ಲಿ ಬರೆದ ಕಾಗದ ನೆನಪಾಯಿತು. ಕೋತಿ ತಾನು ಕೆಟ್ಟದ್ದಲ್ಲದೆ ವನವನ್ನೆಲ್ಲ ಕೆಡಿಸಿತಂತೆ. ನಿಜ ಹೇಳಿ, ಸೆಪ್ಟೆಂಬರಿನಲ್ಲಿ ನಿಮ್ಮನ್ನು ವಾಪಸ್ ಕಳಿಸಿದ್ದು ಹುಟ್ಟಿದ ತಾರೀಖಿಗೋ, ನನ್ನ ನೂರು ಡಿಗ್ರಿಗೋ?

ವಿಶಾಲಿ


ತರೀಕೆರೆ
21-1-1979

ವಿಶಾಲೂ,

ತಾರೀಖು ಸರಿಯಾಗಿಯೇ ಇತ್ತು. ನಿನ್ನ ನೂರು ಡಿಗ್ರಿಗೇ.

ಮೇಜಿನ ಆಚೆ ಮೂರು ಜನ ಕೂತಿದ್ದರು. ನಡುವೆ ಕನ್ನಡಕದ ಒಬ್ಬರು. ಮೊದಲ ಪ್ರಶ್ನೆಯೇ ಅದು. ನೀನು ಹೇಳಿದಂತೆ ಅನುಮಾನ ತೋರಿಸದೆ ಗಟ್ಟಿಯಾಗಿ ಹೇಳಿದೆ, "ನೂರು ಡಿಗ್ರಿ ಸಾರ್, ಮುಳ್ಳು ಎಲ್ಲಿದ್ರೂ ನೂರೇ." ಅವರು ಪೆನ್ನು ಕೆಳಗಿಟ್ಟರು. "ಹದಿನಾರು ವರ್ಷ ಬಾಯ್ಲರ್ ಹತ್ರ ಇದೀರಿ. ನಿಮ್ಮ ಕೈ ಒಂದ್ಸಲಾನೂ ಸುಡ್ಲಿಲ್ವೇನ್ರಿ? ಯಾರು ಹೇಳಿದ್ದು ಇದನ್ನ?" ನಿನ್ನ ಹೆಸರು ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ನಾನೇ ಅಂದ್ಕೊಂಡಿದ್ದು ಸಾರ್" ಎಂದೆ. ಅವರು ಸಿಡುಕಲಿಲ್ಲ. ಸರಿಯಾದ ಉತ್ತರ ಹೇಳಿ, ಒಳಗಿನ ನೀರು ಎಂಥ ಹುಲಿ ಎಂಬುದು ತಿಳಿಯದವನ ಕೈಗೆ ಬಾಯ್ಲರ್ ಕೊಡಲಾಗದು, ತಿಳಿದುಕೊಂಡು ಬನ್ನಿ ಎಂದರು. ಸರಿಯಾದ ಮಾತು.

ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ನನ್ನ ಮೇಲೆ ಅದಕ್ಕಿಂತ ಹೆಚ್ಚು. ಮೈಮೇಲಿರುವ ಕಲೆಯನ್ನು ಬಿಟ್ಟು ಗೋಡೆಯ ಮೇಲಿನ ಕಾಗದವನ್ನು ನಂಬಿದವನು ನಾನೇ ತಾನೆ.

ಉತ್ತರ ಗೊತ್ತಾದ ಮೇಲೂ ನಿನಗೆ ಬರೆಯದೆ ಬೇಳೆಯ ಕಥೆ ಹೇಳಿದ್ದು ಯಾಕೆ ಎಂದು ನೀನು ಕೇಳುವುದಕ್ಕೆ ಮುಂಚೆ ನಾನೇ ಹೇಳುತ್ತೇನೆ. ನೂರಾ ಎಪ್ಪತ್ತು ಎಂದು ಬರೆದು ಕಳಿಸಿದ್ದರೆ ನೀನು ಅದನ್ನೂ ಬಾಯಿಪಾಠ ಮಾಡಿರುತ್ತಿದ್ದೆ. ಅದಲ್ಲದೆ, ಅಂಕಿ ನನಗೂ ಗೊತ್ತಿತ್ತು, ಯಾಕೆ ಎಂಬುದು ಗೊತ್ತಿರಲಿಲ್ಲ. ನೀನಾಗಿ ಹುಡುಕಿದರೆ ನನಗೂ ಸಿಗುತ್ತದೆ ಎಂಬ ಆಸೆ. ಬೇಳೆ ಹಳೆಯದಿರಬೇಕು ಎಂದು ನೀನು ಬರೆದ ದಿನ ಮಾತ್ರ ಹಣೆ ಹಣೆ ಚಚ್ಚಿಕೊಂಡೆ. ತೀರ್ಥಪ್ಪನ ಮೊಂಡುತನ ನನ್ನನ್ನು ಕಾಪಾಡಿತು.

ಇಪ್ಪತ್ತೆಂಟು ಬಂದಿದ್ದಕ್ಕೆ ತಲೆ ತಗ್ಗಿಸಬೇಡ. ನಾನು ಸೊನ್ನೆ ತೆಗೆದುಕೊಂಡು ರೈಲು ಹತ್ತಿದವನು. ಭಾವನಿಗೆ ನೀನೇ ಹೇಳು. ಕೂಗಾಡಿದರೆ ನಾನು ಬಂದು ಇನ್ನೂ ಮೂರು ದಿನ ಕೂರುತ್ತೇನೆ, ನನ್ನ ಜಾಗ ಗೊತ್ತಿದೆ.

ಹಳೆಯ ಕಾಗದವನ್ನು ಗೋಡೆಯಿಂದ ಕಿತ್ತಿಲ್ಲ. ಪಕ್ಕದಲ್ಲಿ ನಿನ್ನ ಈ ಕಾಗದವನ್ನು ಅಂಟಿಸಿದ್ದೇನೆ.

ಗಂಗಾಧರಯ್ಯ


ದಾವಣಗೆರೆ
11-2-1979

ಮಾವ,

ಅಪ್ಪನಿಗೆ ಹೇಳಿದೆ. ಮಾರ್ಕ್ಸ್ ಕಾರ್ಡ್ ಇಸಿದುಕೊಂಡು ಎರಡು ಸಲ ನೋಡಿದರು. ಆಮೇಲೆ, "ನಿಮ್ಮ ಮಾವ ಏನಂದ?" ಎಂದು ಕೇಳಿದರು. ಮೂರು ದಿನ ಕೂರಲು ಬರುತ್ತಾರಂತೆ ಎಂದೆ. "ಬ್ಯಾಡಪ್ಪ, ಬರೀಲಿ ಇನ್ನೊಂದ್ಸಲ," ಎಂದು ಅಂಗಡಿಗೆ ಹೋದರು.

ಈ ಸಲ ನಾನು ನಿಮ್ಮನ್ನು ಕೇಳಬೇಕಾಗಿದೆ. ಪುಸ್ತಕದಲ್ಲಿ ಒದ್ದೆ ಆವಿ, ಒಣ ಆವಿ ಎಂದು ಬರುತ್ತದೆ. ಲೆಕ್ಕ ಮಾಡಬಲ್ಲೆ, ಆದರೆ ಆವಿ ಒಣಗಿರುವುದು ಹೇಗೆ ಎಂದು ಕಣ್ಣಿಗೆ ಕಟ್ಟುತ್ತಿಲ್ಲ. ನೀವು ನೋಡಿರುತ್ತೀರಿ. ಅವಸರ ಇದೆ.

ವಿಶಾಲಿ


ತರೀಕೆರೆ
29-3-1979

ಚಿ. ವಿಶಾಲೂಗೆ,

ನಿನ್ನ ಪ್ರಶ್ನೆ ಮೊದಲು, ನನ್ನ ಪರೀಕ್ಷೆಯ ಗಡಿಬಿಡಿಯಲ್ಲಿ ತಡವಾಯಿತು. ನೂರು ಪೌಂಡಿನಲ್ಲಿ ನಲ್ಲಿಯ ಬಾಯಲ್ಲಿ ಬೆರಳುದ್ದ ಏನೂ ಕಾಣುವುದಿಲ್ಲ ಎಂದಿದ್ದೆನಲ್ಲ, ಅದೇ ಒಣ ಆವಿ. ಆಚೆಗೆ ಬೆಳ್ಳಗೆ ಕಾಣುವುದು ಆವಿಯಲ್ಲ, ತಣಿದು ಹನಿಯಾದ ನೀರು. ಬಾಯ್ಲರಿಗೆ ನೀರು ಹೆಚ್ಚು ತುಂಬಿಸಿ ಅವಸರದಲ್ಲಿ ವಾಲ್ವ್ ತೆಗೆದರೆ ಹನಿಗಳು ಆವಿಯ ಜೊತೆಯಲ್ಲೇ ಬರುತ್ತವೆ, ನಲ್ಲಿಯ ಬಾಯಿಂದಲೇ ಬೆಳ್ಳಗೆ ಕಾಣುತ್ತದೆ, ಪೈಪು ಕಟಕಟ ಬಡಿಯುತ್ತದೆ. ಅದು ಒದ್ದೆ ಆವಿ. ಅದರಲ್ಲಿ ಭತ್ತ ಸರಿಯಾಗಿ ಬೇಯುವುದಿಲ್ಲ. ಪರೀಕ್ಷೆಗೆ ಮುಂಚೆ ಒಂದು ಭಾನುವಾರ ಬಾ, ತೋರಿಸುತ್ತೇನೆ.

ಈಗ ನನ್ನದು. ಪಾಸಾಯಿತು. ಸರ್ಟಿಫಿಕೇಟು ಯುಗಾದಿಗೆ ಎರಡು ದಿನ ಮುಂಚೆ ಬಂತು. ಭದ್ರಾವತಿಯವನು ಸ್ಟೂಲು ಬಿಟ್ಟು ಹೋದ. ಕಡೂರಿಗೆ ಹೋಗಿ ಈರಣ್ಣನಿಗೆ ತೋರಿಸಿದೆ. ಕಣ್ಣು ಕಾಣದು, ಬೆರಳಲ್ಲಿ ಮುದ್ರೆ ಸವರಿ ನೋಡಿ, "ನನ್ ಸಹಿ ಇನ್ ಬ್ಯಾಡ ಅನ್ನು" ಎಂದ. ಇವತ್ತು ಬೆಳಗ್ಗೆ ಲಾಗ್ ಬುಕ್ಕಿನಲ್ಲಿ ಮೊದಲ ಸಲ ನನ್ನ ಹೆಸರು ಬರೆದೆ. ಒತ್ತಡ ನೂರು ಪೌಂಡು, ಮಟ್ಟ ತೋರಿಸುವ ಗಾಜಿನಲ್ಲಿ ನೀರು ಅರ್ಧ. ನೀರಿನ ಬಿಸಿಗೆ ಆ ಬುಕ್ಕಿನಲ್ಲಿ ಕಾಲಂ ಇಲ್ಲ. ಸ್ಕೇಲು ಇಟ್ಟು ಗೆರೆ ಎಳೆದು ನಾನೇ ಒಂದು ಮಾಡಿ 170 ಎಂದು ಬರೆದೆ. ಇವತ್ತಿನ ಸಹಿ ಮಾತ್ರ ಹಾಕಿದ್ದೇನೆ.

ಓರಲ್ ಹೇಗಾಯಿತು ಎಂಬುದನ್ನು ಕಡೆಗೆ ಇಟ್ಟುಕೊಂಡಿದ್ದೆ. ಅದೇ ಮೇಜು, ಅದೇ ಕನ್ನಡಕ. ಅವರು ಈ ಸಲ ನೂರು ಪೌಂಡಿನ ಮಾತನ್ನೇ ಎತ್ತಲಿಲ್ಲ. ಗಾಜಿನಲ್ಲಿ ನೀರು ಕಾಣದೆ ಹೋದರೆ ಏನು ಮಾಡುತ್ತೀರಿ ಎಂದರು. ಉರಿ ಆರಿಸುತ್ತೇನೆ, ತಣ್ಣೀರು ಬಿಡುವುದಿಲ್ಲ ಎಂದೆ. ಯಾಕೆ ಎಂದರು, ಕಾದ ತಗಡಿನ ಮೇಲೆ ಬಿದ್ದ ನೀರು ಏನಾಗುತ್ತದೆ ಎಂದು ವಿವರಿಸಿದೆ. ಸರಿ, ಹೋಗಿ ಬನ್ನಿ ಎಂದರು. ನಾನು ಏಳಲಿಲ್ಲ.

"ಸಾರ್, ಹೋದ್ಸಲದ ಪ್ರಶ್ನೆ ಕೇಳ್ಲಿಲ್ಲ ನೀವು."

ಮೂವರೂ ಮುಖ ಮುಖ ನೋಡಿಕೊಂಡರು. ಕನ್ನಡಕದವರು ನಕ್ಕು, "ಹೇಳ್ರಿ ಹಂಗಾದ್ರೆ" ಎಂದರು. ನೂರಾ ಎಪ್ಪತ್ತು ಎಂದೆ. ಅಲ್ಲಿಗೆ ಬಿಡದೆ ಗುಂಡುಕಲ್ಲು, ಕೆಮ್ಮಣ್ಣುಗುಂಡಿ, ತೀರ್ಥಪ್ಪ ತಂದ ಡಬ್ಬದ ನೀರು, ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ ಹೋದ ಸಲದ ಮಾತನ್ನೇ ಮತ್ತೆ ಕೇಳಿದರು, "ಯಾರು ಹೇಳಿದ್ದು ಇದನ್ನ?"

"ನಮ್ಮಕ್ಕನ ಮಗಳು ಸಾರ್," ಎಂದೆ. "ವಿಶಾಲಾಕ್ಷಿ ಅಂತ. ಅಜ್ಜಂಪುರ."

ಅವರು ಅದನ್ನು ಕಾಗದದ ಅಂಚಿನಲ್ಲಿ ಬರೆದುಕೊಂಡರು.

ನಿನ್ನ ಮಾವ,
ಗಂಗಾಧರಯ್ಯ
ಬಾಯ್ಲರ್ ಅಟೆಂಡೆಂಟ್